ಹೃದಯ ಕವಾಟದ ಆಪರೇಷನ್: ಮುಂದೂಡುವ ಮೊದಲು ತಿಳಿಯಬೇಕಾದದ್ದು

(ಪಾಳ್ಯದಲ್ಲಿ ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



“ಆಪರೇಷನ್ ಮಾಡಿಸಲೇಬೇಕಾ ಡಾಕ್ಟ್ರೇ? ಮಾತ್ರೆಯಲ್ಲೇ ತಳ್ಳಿಕೊಂಡು ಹೋಗೋಕೆ ಆಗಲ್ವಾ?” ಹೃದಯದ ಕವಾಟ ಕೆಟ್ಟಿದೆ ಎಂದು ಗೊತ್ತಾದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಇಂದು ಇದೊಂದನ್ನೇ ಹಿಡಿದು ಮಾತನಾಡುತ್ತೇನೆ. ಬೈಪಾಸ್ ಎಂಬುದು ಬೇರೆ. ಅದು ಹೃದಯಕ್ಕೆ ರಕ್ತ ಕೊಡುವ ನಾಳಗಳಿಗೆ ಸಂಬಂಧಿಸಿದ್ದು. ನಾನು ಹೇಳುತ್ತಿರುವುದು ಕವಾಟದ ಕಾಯಿಲೆಯ ವಿಷಯ.

ಇದರ ಬೇರು ಹೆಚ್ಚಾಗಿ ಬಾಲ್ಯದಲ್ಲಿರುತ್ತದೆ. ಸಾಮಾನ್ಯವಾಗಿ 5ರಿಂದ 15 ವರ್ಷದೊಳಗೆ ಗಂಟಲುನೋವು ಬರುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಜ್ವರ. ಮಂಡಿ, ಕಾಲಿನ ಗಂಟು ಬಾತು, ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಇದೇ ರುಮ್ಯಾಟಿಕ್ ಜ್ವರ. ಕೀಲುನೋವು ವಾಸಿಯಾಗುತ್ತದೆ, ಮನೆಯವರು ಮರೆತುಬಿಡುತ್ತಾರೆ, ಆದರೆ ಕವಾಟಕ್ಕೆ ಆದ ಗಾಯ ಹಾಗೆಯೇ ಉಳಿಯುತ್ತದೆ. ಎಷ್ಟೋ ವರ್ಷಗಳ ನಂತರ ಮೈಟ್ರಲ್ ಎಂಬ ಕವಾಟ ದಪ್ಪಗಾಗಿ, ಅಂಚುಗಳು ಅಂಟಿಕೊಂಡು ಬಾಯಿ ಕಿರಿದಾಗುತ್ತದೆ. ಆರೋಗ್ಯವಂತರಲ್ಲಿ ಅದರ ಬಾಯಿ 4ರಿಂದ 6 ಚದರ ಸೆಂಟಿಮೀಟರ್. 1.5 ಅಥವಾ ಅದಕ್ಕಿಂತ ಕಡಿಮೆಯಾದರೆ ಕಾಯಿಲೆ ತೀವ್ರವೆಂದು ಲೆಕ್ಕ. ಆಗ ರಕ್ತ ಮುಂದೆ ಸಾಗದೆ ಶ್ವಾಸಕೋಶದ ಕಡೆ ಒತ್ತಡ ಕಟ್ಟಿಕೊಳ್ಳುತ್ತದೆ; ಉಬ್ಬಸ ಬರುತ್ತದೆ.

ಮಾತ್ರೆ ಏನು ಮಾಡುತ್ತದೆ? ಮೂತ್ರ ಹೆಚ್ಚು ಮಾಡಿ ನೀರು ಇಳಿಸುತ್ತದೆ, ಹೃದಯದ ಓಟ ನಿಧಾನ ಮಾಡುತ್ತದೆ. 21 ದಿನಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ ಆ ಜ್ವರ ಮತ್ತೆ ಬರದಂತೆ ಕಾಯುತ್ತದೆ. ಇವೆಲ್ಲ ಬೇಕೇ ಬೇಕು. ಆದರೆ ಅಂಟಿಕೊಂಡ ಕವಾಟವನ್ನು ಬಿಡಿಸುವ ಮಾತ್ರೆ ಇಲ್ಲ. ಕಷಾಯವೂ ಇಲ್ಲ.

ಇನ್ನು ಮುಂದೂಡುವ ವಿಷಯ. ನಮ್ಮ ಆಲೂರು, ಸಕಲೇಶಪುರದ ಕಡೆ ಮುಂದೂಡಲು ಕಾರಣಗಳಿಗೆ ಬರವಿಲ್ಲ. ಮಳೆಗಾಲ ಕಳೆಯಲಿ, ಕಾಫಿ ಕೊಯ್ಲು ಮುಗಿಯಲಿ, ಮಗಳ ಮದುವೆ ಆಗಲಿ. “ಈಗ ಚೆನ್ನಾಗಿದ್ದೀನಲ್ಲ” ಎನ್ನುವುದು ಎಲ್ಲಕ್ಕಿಂತ ದೊಡ್ಡ ಕಾರಣ. ಆದರೆ ಚೆನ್ನಾಗಿರುವುದು ಹೇಗೆ? ಹಿಂದೆ ತೋಟದ ಏರನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವರು ಒಮ್ಮೆ ನಿಂತು ಹತ್ತತೊಡಗಿದರು, ಆಮೇಲೆ ಮೂರು ಸಲ ನಿಂತರು, ಈಗ ಹತ್ತುವುದನ್ನೇ ಬಿಟ್ಟು ಕಣದಲ್ಲಿ ಕುಳಿತಿದ್ದಾರೆ. ಕುಳಿತವರಿಗೆ ಉಬ್ಬಸ ಎಲ್ಲಿಂದ ಬರಬೇಕು? ಆದ್ದರಿಂದ ಬಂಧುಗಳು ರೋಗಿಯನ್ನು “ಹೇಗಿದ್ದೀಯ” ಎಂದು ಕೇಳಬೇಡಿ. ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈ ವರ್ಷ ಬಿಟ್ಟಿದ್ದಾರೆ ಎಂದು ನೋಡಿ. ರಾತ್ರಿ ಎರಡು ದಿಂಬು ಏರಿಸಿ ಮಲಗುತ್ತಾರೆಯೇ ಎಂದೂ ನೋಡಿ.

ಕಾಯುವಾಗ ಒಳಗೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಹೃದಯದ ಮೇಲಿನ ಕೋಣೆ ಹಿಗ್ಗಿ, ಬಡಿತ ತಾಳ ತಪ್ಪಿ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಶ್ವಾಸಕೋಶದ ರಕ್ತನಾಳದ ಒತ್ತಡ ಏರಿದಷ್ಟೂ ಮುಂದೆ ಆಪರೇಷನ್ನಿನ ಅಪಾಯವೂ ಏರುತ್ತದೆ. ಕವಾಟ ಕಿರಿದಾಗುವ ಬದಲು ಸೋರುವವರಲ್ಲಿ ಇನ್ನೊಂದು ಮೋಸವಿದೆ. ಎಕೋ ವರದಿಯಲ್ಲಿ ಇ.ಎಫ್. 60 ಎಂದಿದ್ದರೆ ನೋಡಿದವರು ‘ನಾರ್ಮಲ್’ ಎಂದು ಸಮಾಧಾನಪಡುತ್ತಾರೆ. ಮೈಟ್ರಲ್ ಕವಾಟ ತೀವ್ರವಾಗಿ ಸೋರುವವರಿಗೆ 60 ಎಂದರೆ ಹೃದಯ ಸೋಲತೊಡಗಿದೆ ಎಂದರ್ಥ. ತೊಂದರೆ ಏನೂ ಕಾಣದಿದ್ದರೂ ಆಪರೇಷನ್ ಬಗ್ಗೆ ಮಾತನಾಡಬೇಕಾದ ಹೊತ್ತು ಅದು.

ಎಲ್ಲರಿಗೂ ಎದೆ ಕೊಯ್ಯಬೇಕಿಲ್ಲ. ಕವಾಟ ಕಿರಿದಾಗಿದ್ದು, ಹೆಚ್ಚು ಸೋರದೆ, ಸುಣ್ಣಗಟ್ಟದೆ, ಒಳಗೆ ಹೆಪ್ಪು ಇಲ್ಲದಿದ್ದರೆ ತೊಡೆಸಂದಿನ ರಕ್ತನಾಳದ ಮೂಲಕ ಬಲೂನ್ ಕಳುಹಿಸಿ ಹಿಗ್ಗಿಸುತ್ತಾರೆ. ಜಪಾನಿನ ಕಾಂಜಿ ಇನೌಯೆ ಅವರು 1980ರ ದಶಕದಲ್ಲಿ ಕಂಡುಹಿಡಿದ ವಿಧಾನ ಇದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಇದರಲ್ಲಿ ಹೆಸರಾಗಿದೆ. 2024ರ ಜನವರಿಯವರೆಗೆ ಅಲ್ಲಿನ ನಿರ್ದೇಶಕರಾಗಿದ್ದ, ನಮ್ಮ ಹಾಸನ ಜಿಲ್ಲೆಯವರೇ ಆದ ಡಾ. ಸಿ.ಎನ್. ಮಂಜುನಾಥ್ ಅವರ ಹೆಸರು ಈ ಚಿಕಿತ್ಸೆಯೊಂದಿಗೆ ಸೇರಿಕೊಂಡಿದೆ. ಮೈಸೂರಿನಲ್ಲೂ ಜಯದೇವದ ಶಾಖೆ ಇದೆ. ಕೆಲವರಿಗೆ ವರ್ಷಗಳ ನಂತರ ಕವಾಟ ಮತ್ತೆ ಕಿರಿದಾಗುವುದುಂಟು. ಆದರೂ ಸಿಗುವ ಆ ವರ್ಷಗಳು ಸಣ್ಣವಲ್ಲ. ತಡ ಮಾಡಿ ಕವಾಟ ಸುಣ್ಣಗಟ್ಟಿದರೆ ಈ ಸುಲಭದ ದಾರಿಯೇ ಮುಚ್ಚಿಹೋಗುತ್ತದೆ.

ಕವಾಟ ಬದಲಿಸಲೇಬೇಕಾದಾಗ ಎರಡು ಬಗೆಯಿದೆ. ಒಂದು ಯಂತ್ರದ ಕವಾಟ; ಬಹುಕಾಲ ಬಾಳುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ತಯಾರಿಸಿದ ನಮ್ಮ ದೇಶದ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಇನ್ನೊಂದು ಪ್ರಾಣಿಯ ಅಂಗಾಂಶದ್ದು. ಅದು ಸವೆಯುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ, ಆಗ ಮತ್ತೊಂದು ಆಪರೇಷನ್. ಯಂತ್ರದ ಕವಾಟಕ್ಕೆ ಜೀವನಪೂರ್ತಿ ರಕ್ತ ಹೆಪ್ಪುಗಟ್ಟದ ಮಾತ್ರೆ ಬೇಕು, ಆಗಾಗ ಐ.ಎನ್.ಆರ್. ರಕ್ತಪರೀಕ್ಷೆ ಬೇಕು. ಮೈಟ್ರಲ್ ಜಾಗದಲ್ಲಿದ್ದರೆ ಅದು ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಬಂದಿವೆ ಎಂದು ಯಾರಾದರೂ ಹೇಳಿಯಾರು. ಅವು ಯಂತ್ರದ ಕವಾಟಕ್ಕೆ ಸಲ್ಲವು.

ಹೀಗಾಗಿ ಯಾವ ಕವಾಟ ಎನ್ನುವುದರಲ್ಲಿ ತಮ್ಮ ಊರು, ಬಸ್ಸು, ಕೆಲಸ ಎಲ್ಲವೂ ಸೇರುತ್ತವೆ. ಹೆತ್ತೂರು, ಯಸಳೂರು ಕಡೆಯಿಂದ ಜೋರು ಮಳೆಯಲ್ಲಿ ಪರೀಕ್ಷೆಗೆ ಬರಲು ಆಗುತ್ತದೆಯೇ? ಇದನ್ನು ಸರ್ಜನ್ನರಿಗೆ ಬಾಯಿಬಿಟ್ಟು ಹೇಳಿ. ಅವರು ತಾವಾಗಿ ಊಹಿಸಲಾರರು. ಈ ಮಾತ್ರೆ ತಿನ್ನುವವರಿಗೆ ಇಂಬಳ ಕಚ್ಚಿದರೂ ರಕ್ತ ಬೇಗ ನಿಲ್ಲುವುದಿಲ್ಲ, ಕತ್ತಿ ತಾಗಿದರೆ ಹೇಳುವುದೇ ಬೇಡ. ಸೊಪ್ಪು ಬಿಡಬೇಕಿಲ್ಲ, ಒಂದು ವಾರ ಏನೂ ಇಲ್ಲ, ಮರುವಾರ ಮೂರು ಹೊತ್ತೂ ಸೊಪ್ಪು ಎಂದಾಗಬಾರದು ಅಷ್ಟೆ. ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆ ಮಾತ್ರ ಬೇಡವೇ ಬೇಡ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಬಸಿರಿನಲ್ಲಿ ಮೈಯ ರಕ್ತ ಹೆಚ್ಚುತ್ತದೆ, ಕಿರಿದಾದ ಕವಾಟ ಅದನ್ನು ತಾಳದು. ತೀವ್ರ ಕಾಯಿಲೆಯಿದ್ದರೆ ಬಸಿರಿಗೆ ಮೊದಲೇ ಚಿಕಿತ್ಸೆಯಾಗಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿಟ್ರಾಮ್ ಜಾತಿಯ ಮಾತ್ರೆಗಳು ಮೊದಲ ತಿಂಗಳುಗಳಲ್ಲಿ ಮಗುವಿಗೆ ಕೆಡುಕು ಮಾಡಬಲ್ಲವು. ತಾವಾಗಿ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಅಪಾಯ. ತಿಂಗಳು ನಿಂತ ಕೂಡಲೆ ವೈದ್ಯರನ್ನು ಕಾಣಬೇಕು. ಸೊಸೆಯ ಆಪರೇಷನ್ ಬಗ್ಗೆ ಜಗಲಿಯಲ್ಲಿ ಗಂಡಸರೇ ಕುಳಿತು ತೀರ್ಮಾನ ಮಾಡುವುದನ್ನು ನಾನು ಒಪ್ಪುವುದಿಲ್ಲ. ಆ ತಾಯಿಯನ್ನೂ ಕೂರಿಸಿಕೊಳ್ಳಿ. ಮುಂದೆ ಮಗು ಬೇಕೇ ಎಂಬುದರ ಮೇಲೆ ಕವಾಟದ ಆಯ್ಕೆಯೇ ಬದಲಾಗುತ್ತದೆ.

ಅಪಾಯವಿಲ್ಲ ಎಂದು ನಾನು ಹೇಳಲಾರೆ. ಪುಸ್ತಕದ ಲೆಕ್ಕ ಬೇಡ, ಈ ರೋಗಿಗೆ ಎಷ್ಟು ಅಪಾಯ, ಆರು ತಿಂಗಳು ತಡೆದರೆ ಎಷ್ಟು ಎಂದು ಸರ್ಜನ್ನರನ್ನೇ ಕೇಳಿ.

ಹಣದ ವಿಷಯ: ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. 2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತಿದ್ದ ಯಶಸ್ವಿನಿ ಯೋಜನೆ 2022ರಲ್ಲಿ ಮರಳಿ ಬಂದಿತು. ಸಹಕಾರ ಸಂಘದ ಸದಸ್ಯರು ಸಂಘದಲ್ಲಿ ವಿಚಾರಿಸಿ. ತೋಟ ಅಡವಿಡುವ ಮೊದಲು ಇವೆರಡನ್ನೂ ನೋಡಿ.

ಆಪರೇಷನ್ನಿಗೆ ಮುಂಚೆ ಹಲ್ಲು ತೋರಿಸಿಕೊಳ್ಳಿ. ಹುಳುಕು ಹಲ್ಲಿನ ಸೋಂಕು ಹೊಸ ಕವಾಟಕ್ಕೆ ಹತ್ತುತ್ತದೆ. ಆದ ಮೇಲೆ ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಸೌದೆ, ಕಾಫಿ ಮೂಟೆ ಎತ್ತುವಂತಿಲ್ಲ. ಪೆನಿಸಿಲಿನ್ ಇಂಜೆಕ್ಷನ್ ವೈದ್ಯರು ಹೇಳುವ ತನಕ ಮುಂದುವರಿಯಬೇಕು. ಹಳೆಯ ಎಕೋ ವರದಿಗಳನ್ನು, ಹರಿದಿದ್ದರೂ ಸರಿ, ಒಂದು ಚೀಲದಲ್ಲಿ ಜೋಪಾನವಾಗಿಟ್ಟು ಬರುವಾಗ ತನ್ನಿ. ಈಗ ತಮ್ಮ ಪ್ರಶ್ನೆಗಳನ್ನು ಕೇಳಬಹುದು.