ಶಸ್ತ್ರಚಿಕಿತ್ಸೆ: ನಂಬಿಕೆಯೂ ಪರೀಕ್ಷೆಯೂ

ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು ಸ್ವಾಮಿಯ ದೊಡ್ಡ ಪಾದರಕ್ಷೆಗಳನ್ನು ಕಂಡಿರುತ್ತೀರಿ. ಭಕ್ತರು ಹೊಲಿದು ಒಪ್ಪಿಸುವ ಆ ಜೋಡನ್ನು ತಲೆಗೆ ಮುಟ್ಟಿಸಿಕೊಂಡರೆ ಮನಸ್ಸು ಹಗುರವಾಗುತ್ತದೆ. ನಂಬಿಕೆಗೆ ಅಂಥ ಬಲವುಂಟು. ಆದರೆ ವೈದ್ಯರ ಕತ್ತಿಗೆ ಮೈಯೊಡ್ಡುವಾಗಲೂ ನಂಬಿಕೆಯೊಂದೇ ಸಾಕೆ?

ಅದೇ ಬೆಟ್ಟದ ಮೆಟ್ಟಿಲುಗಳ ಮೇಲೆ ಮಂಡಿ ಹಿಡಿದು ಕುಳಿತುಬಿಡುವ ಹಿರಿಯರು ಎಷ್ಟೋ ಮಂದಿ. ಮಂಡಿ ಸವೆದವರಿಗೆ ಕೀಲಿನೊಳಗೆ ಸಣ್ಣ ಕೊಳವೆ ತೂರಿಸಿ, ತೊಳೆದು, ಕೆರೆದು ಸರಿಪಡಿಸುವ ಶಸ್ತ್ರಕ್ರಿಯೆ ಬಹುಕಾಲ ರೂಢಿಯಲ್ಲಿತ್ತು. ಅಮೆರಿಕದ ಹ್ಯೂಸ್ಟನ್ ನಗರದ ವೈದ್ಯರು 180 ರೋಗಿಗಳನ್ನು, ಅವರ ಒಪ್ಪಿಗೆ ಪಡೆದು, ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೀಲು ಕೆರೆದರು, ಇನ್ನೊಂದಕ್ಕೆ ಬರಿದೇ ತೊಳೆದರು, ಮೂರನೆಯದಕ್ಕೆ ಚರ್ಮವನ್ನು ಮಾತ್ರ ಕೊಯ್ದು ಹೊಲಿದರು. ತಾವು ಯಾವ ಗುಂಪಿನವರೆಂದು ರೋಗಿಗಳಿಗೆ ತಿಳಿಸಲಿಲ್ಲ. 2002ರಲ್ಲಿ ಫಲಿತಾಂಶ ಪ್ರಕಟವಾಯಿತು: ಎರಡು ವರ್ಷ ಕಳೆದರೂ, ನಿಜವಾದ ಶಸ್ತ್ರಕ್ರಿಯೆ ಆದವರ ನೋವು ಉಳಿದವರ ನೋವಿಗಿಂತ ಕಡಿಮೆಯಾಗಿರಲಿಲ್ಲ!

ಇದೇಕೆ ಹೀಗೆ? ಮಂಡಿನೋವು ಏರುತ್ತದೆ, ಇಳಿಯುತ್ತದೆ. ಅದು ಅತಿಯಾದಾಗಲೇ ನಾವು ವೈದ್ಯರಲ್ಲಿಗೆ ಓಡುವುದು. ಆಮೇಲೆ ತಾನಾಗಿ ಇಳಿದರೂ ಕೀರ್ತಿ ಕತ್ತಿಗೆ ಸಲ್ಲುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯ ಮಾತು ಇದೇ; ನಮ್ಮ ಶಾಸ್ತ್ರಕಾರರು ಇದನ್ನು ಕಾಕತಾಳೀಯ ನ್ಯಾಯವೆಂದರು.

ಹಾಗೆಂದು ಶಸ್ತ್ರಚಿಕಿತ್ಸೆಯನ್ನೇ ಹಳಿಯಬೇಡಿ. ಪೊರೆ ತೆಗೆದೊಡನೆ ಕಣ್ಣು ಕಾಣುವುದು ಕಾಕತಾಳೀಯವಲ್ಲ. ಹೆರಿಗೆ ಅಡ್ಡಬಿದ್ದಾಗ, ಕರುಳು ಸಿಕ್ಕಿಕೊಂಡಾಗ ತಡಮಾಡಿದರೆ ಜೀವಕ್ಕೇ ಅಪಾಯ. ತೀರ ಸವೆದ ಮಂಡಿಯ ಕೀಲನ್ನೇ ಬದಲಿಸುವ ಶಸ್ತ್ರಕ್ರಿಯೆಯ ಮಾತೂ ಬೇರೆ. ಅದರಿಂದ ಗುಣ ಕಂಡವರು ಬಹಳ.

ಕೊಯ್ಯುವ ಮೊದಲು ಕಾರಣ ತಿಳಿಯಬೇಕೆಂಬುದಕ್ಕೆ ಬೆಟ್ಟದಲ್ಲೇ ನಿದರ್ಶನವಿದೆ. ಅಲ್ಲಿನ ಸೋಲಿಗರಲ್ಲಿ ಕುಡುಗೋಲು ಕಣದ ರಕ್ತಹೀನತೆಯೆಂಬ ವಂಶಪಾರಂಪರ್ಯ ರೋಗವುಂಟು. ಅದರಿಂದ ಬರುವ ಹೊಟ್ಟೆನೋವು ಒಮ್ಮೊಮ್ಮೆ ಅಪೆಂಡಿಸೈಟಿಸ್ಸಿನಂತೆಯೇ ತೋರುತ್ತದೆ. ರಕ್ತಪರೀಕ್ಷೆ ಮಾಡದೆ ಕೊಯ್ದರೆ ಗಾಯವಾದೀತು, ರೋಗ ಹೋಗದು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಅಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಕಾಡಿನ ಜನರ ಬಳಿಗೇ ವೈದ್ಯವನ್ನು ಒಯ್ದದ್ದರ ಬೆಲೆ ಇಲ್ಲಿ ತಿಳಿಯುತ್ತದೆ.

ಆದುದರಿಂದ ವೈದ್ಯರನ್ನು ವಿನಯದಿಂದಲೇ ಮೂರು ಮಾತು ಕೇಳಿ. ಈ ಶಸ್ತ್ರಕ್ರಿಯೆ ಮಾಡದಿದ್ದರೆ ಏನಾಗುತ್ತದೆ? ಕಾದುನೋಡಲು, ಬೇರೆ ಚಿಕಿತ್ಸೆಗೆ ಅವಕಾಶವಿದೆಯೆ? ಮಾಡಿಸಿಕೊಂಡವರು ಮಾಡಿಸಿಕೊಳ್ಳದವರಿಗಿಂತ ನಿಜಕ್ಕೂ ಮೇಲಾಗಿದ್ದಾರೆಯೆ? ಒಳ್ಳೆಯ ವೈದ್ಯರು ಬೇಸರಪಡಲಾರರು. ಹೊಲ ಅಡವಿಟ್ಟು ಹಣ ತರುವ ಮೊದಲು ಈ ಮಾತು ಕೇಳುವುದು ಅವಿಶ್ವಾಸವಲ್ಲ, ವಿವೇಕ.