ನಮ್ಮ ಸೈಕಲ್ಲು, ನಮ್ಮ ಕೈಯಲ್ಲಿ



ಇವತ್ತು ನಾವು ಸೈಕಲ್ಲಿನ ಬಗ್ಗೆ ಮಾತಾಡೋಣ. ಓಡಿಸೋದು ಹೇಗೆ ಅಂತ ಅಲ್ಲ. ದಿನಾ ಕೆಲಸಕ್ಕೆ ಹೋಗಿ ಬರುವ ಸೈಕಲ್ಲು ಹೇಗಿರಬೇಕು? ಕೆಟ್ಟರೆ ನಾವೇ ಸರಿಮಾಡಿಕೊಳ್ಳುವ ಹಾಗೆ ಅದನ್ನು ಹೇಗೆ ಮಾಡಿರಬೇಕು? ಇದೇ ಇವತ್ತಿನ ಮಾತು.

ತಮಿಳುನಾಡಿನಲ್ಲಿ ಪುದುಕೋಟೆ ಎಂಬ ಜಿಲ್ಲೆ ಇದೆ. 1991ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಶೀಲಾ ರಾಣಿ ಚುಂಕತ್ ಎಂಬುವರು ಜಿಲ್ಲಾಧಿಕಾರಿ. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಹೊಲದ ಕೂಲಿಯವರು, ಕಲ್ಲು ಒಡೆಯುವವರು, ನರ್ಸಮ್ಮಗಳು, ಹೀಗೆ ಸಾವಿರಾರು ಜನ ಕಲಿತರು. ಹೆಂಗಸರ ಸೈಕಲ್ಲು ಸಾಲಲಿಲ್ಲ. ಗಂಡಸರ ಸೈಕಲ್ಲನ್ನೇ ಹತ್ತಿದರು. ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಬಹುದು ಅಂತ ಕೆಲವರು ಅದನ್ನೇ ಮೆಚ್ಚಿಕೊಂಡರು. ನೋಡಿದಿರಾ? ಸೈಕಲ್ಲು ಹೇಗಿರಬೇಕು ಅಂತ ಓಡಿಸುವವರೇ ಹೇಳಬೇಕು.

ನಮ್ಮ ರಾಜ್ಯದಲ್ಲೂ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ಲು ಕೊಡಲು ಶುರು ಮಾಡಿತು. ಆ ಸೈಕಲ್ಲುಗಳು ಎಷ್ಟೋ ಮನೆಯಲ್ಲಿ ಗೋಡೆಗೆ ಒರಗಿ ನಿಂತಿವೆ. ಯಾಕೆ? ಒಂದು ಪಂಚರ್ ಆಯಿತು. ಹಾಕಿಸಿಕೊಂಡು ಬರಲು ಯಾರೂ ಇರಲಿಲ್ಲ. ಅಷ್ಟೇ. ಬೆಳಿಗ್ಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟಾಗ ಗಾಳಿ ಇಲ್ಲದಿದ್ದರೆ ಅವತ್ತಿನ ಸಂಬಳ ಹೋದ ಹಾಗೆ. ಸೈಕಲ್ಲು ನಮ್ಮದು, ರಿಪೇರಿ ಮಾತ್ರ ಇನ್ನೊಬ್ಬರ ಕೈಯಲ್ಲಿ ಅಂದರೆ ಆ ಸೈಕಲ್ಲು ಅರ್ಧ ಮಾತ್ರ ನಮ್ಮದು.

ಹಾಗಾದರೆ ಎಂಥ ಸೈಕಲ್ಲು ಒಳ್ಳೆಯದು?

ಮೊದಲನೆಯದು, ಗೇರು ಇಲ್ಲದ್ದು. ಗೇರು ಇದ್ದರೆ ಏರು ಹತ್ತುವುದು ಸುಲಭ, ನಿಜ. ಆದರೆ ತಂತಿ ಜಾಸ್ತಿ, ಚಿಕ್ಕ ಚಿಕ್ಕ ಭಾಗ ಜಾಸ್ತಿ. ಕೆಸರು ಹಿಡಿದರೆ ಕೆಲಸವೂ ಜಾಸ್ತಿ. ಬಯಲು ಸೀಮೆಯ ರಸ್ತೆಗೆ ಗೇರು ಬೇಕಿಲ್ಲ.

ಎರಡನೆಯದು, ಚೈನಿಗೆ ಪೂರ್ತಿ ಮುಚ್ಚಳ ಇರಬೇಕು. ಧೂಳು, ಮಳೆನೀರು ಒಳಗೆ ಹೋಗುವುದು ಕಡಿಮೆ. ಸೀರೆ ಸೆರಗು ಸಿಕ್ಕಿಕೊಳ್ಳುವುದಿಲ್ಲ. ಆದರೆ ಆ ಮುಚ್ಚಳ ಬಿಚ್ಚಲು ಸುಲಭ ಇರಬೇಕು. ಇಲ್ಲದಿದ್ದರೆ ಯಾರೂ ಚೈನಿಗೆ ಎಣ್ಣೆ ಬಿಡುವುದಿಲ್ಲ. ಎರಡು ಚಕ್ರಕ್ಕೂ ಉದ್ದನೆಯ ಮಡ್‌ಗಾರ್ಡ್ ಬೇಕು.

ಮೂರನೆಯದು, ಬ್ರೇಕು. ಕಂಬಿ ಬ್ರೇಕು ಬಹಳ ದಿನ ಬಾಳುತ್ತೆ. ತಂತಿ ಬ್ರೇಕಿನ ತಂತಿ ಕಿತ್ತುಹೋಗಬಹುದು, ಆದರೆ ಕಡಿಮೆ ದುಡ್ಡಿಗೆ ಹೊಸದು ಸಿಗುತ್ತೆ. ಯಾವುದಾದರೂ ಸರಿ, ರಬ್ಬರ್ ಸವೆದಿದ್ದು ಕಣ್ಣಿಗೆ ಕಾಣುವ ಹಾಗಿರಬೇಕು. ಮಳೆಯಲ್ಲಿ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಸ್ವಲ್ಪ ಮೊದಲೇ ಹಿಡಿಯಿರಿ.

ನಾಲ್ಕನೆಯದು ಬಹಳ ಮುಖ್ಯ. ಬಿಡಿಭಾಗ ಹತ್ತಿರದ ಅಂಗಡಿಯಲ್ಲಿ ಸಿಗಬೇಕು. ಅಂದಚೆಂದದ ಸೈಕಲ್ಲಿನ ಟಯರು ದೂರದ ಪೇಟೆಯಲ್ಲಿ ಮಾತ್ರ ಸಿಗುವುದಾದರೆ ನಮಗೆ ಏನು ಉಪಯೋಗ? ಟಯರಿನ ಪಕ್ಕದಲ್ಲಿ ಅಂಕಿ ಅಚ್ಚಾಗಿರುತ್ತೆ. 28 ಮತ್ತು ಒಂದೂವರೆ ಅಂತಲೋ, 26 ಅಂತ ಶುರುವಾಗುವುದೋ ಇರಬಹುದು. ಅದು ಚಕ್ರದ ಅಳತೆ, ಇಂಚಿನ ಲೆಕ್ಕ. ಈಗ ನಿಮಗೆ ಓದಲು ಬರುತ್ತೆ. ಅದನ್ನು ಬರೆದುಕೊಂಡು ಅಂಗಡಿಗೆ ಹೋದರೆ ಬೇರೆ ಅಳತೆಯದು ಕೈಗೆ ಬರುವುದಿಲ್ಲ.

ಮನೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಇಷ್ಟೇ: ಹಲವು ತೂತುಗಳಿರುವ ಸೈಕಲ್ ಪಾನ, ಪಂಪು, ಪ್ಯಾಚು, ಸೊಲ್ಯೂಷನ್, ಉಪ್ಪುಕಾಗದ, ವಾಲ್‌ಟ್ಯೂಬು, ಎಣ್ಣೆ, ಹಳೆ ಬಟ್ಟೆ.

ಗಾಳಿ ಹೋಗಿದೆಯೆ? ಮೊದಲು ಗಾಳಿ ತುಂಬಿ, ವಾಲಿನ ಬಾಯಿಗೆ ಒಂದು ಹನಿ ನೀರು ಹಚ್ಚಿ. ಗುಳ್ಳೆ ಬಂದರೆ ತಪ್ಪು ವಾಲ್‌ಟ್ಯೂಬಿನದು. ಚಿಕ್ಕ ರಬ್ಬರು ಬದಲಿಸಿದರೆ ಮುಗಿಯಿತು. ಗುಳ್ಳೆ ಬರದಿದ್ದರೆ ಪಂಚರ್. ಅದಕ್ಕೆ ಚಕ್ರ ಬಿಚ್ಚಬೇಕಿಲ್ಲ. ಟಯರಿನ ಒಂದು ಕಡೆ ಮಾತ್ರ ಬಿಡಿಸಿ ಟ್ಯೂಬು ಹೊರಗೆ ಎಳೆಯಿರಿ. ಗಾಳಿ ತುಂಬಿ ನೀರಿನಲ್ಲಿ ಅದ್ದಿ ತೂತು ಹುಡುಕಿ. ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ. ಅದು ಆರಿದ ಮೇಲೆ ಪ್ಯಾಚು ಒತ್ತಿ. ಟಯರಿನ ಒಳಗೆ ಬೆರಳಾಡಿಸುವಾಗ ಹುಷಾರು. ಮುಳ್ಳು ಅಲ್ಲೇ ಇರುತ್ತೆ. ಅದನ್ನು ತೆಗೆಯದಿದ್ದರೆ ನಾಳೆ ಮತ್ತೆ ಪಂಚರ್.

ವಾರಕ್ಕೊಮ್ಮೆ ಗಾಳಿ ನೋಡಿ, ನಟ್ಟು ಬಿಗಿ ಮಾಡಿ. ತಿಂಗಳಿಗೊಮ್ಮೆ ಚೈನು ಒರೆಸಿ ಹನಿ ಹನಿಯಾಗಿ ಎಣ್ಣೆ ಬಿಡಿ. ಹೊಲಿಗೆ ಯಂತ್ರದ ಎಣ್ಣೆ ಆಗುತ್ತೆ. ಅಡುಗೆ ಎಣ್ಣೆ ಬೇಡ, ಜಿಗುಟಾಗಿ ಧೂಳು ಹಿಡಿಯುತ್ತೆ. ಬ್ರೇಕು ಹಿಡಿಯುವ ರಿಮ್ಮಿಗೆ ಎಣ್ಣೆ ತಾಗಲೇಬಾರದು.

"ಇದೆಲ್ಲ ಗಂಡಸರ ಕೆಲಸ" ಅನ್ನುತ್ತಾರೆ. ಸೀಮೆಎಣ್ಣೆ ಸ್ಟೌವಿನ ಬತ್ತಿ ಬದಲಿಸಿದವರು ನಾವು. ಕುಕ್ಕರಿನ ರಬ್ಬರು ಬದಲಿಸುವವರು ನಾವು. ಟ್ಯೂಬಿಗೆ ಪ್ಯಾಚು ಹಾಕುವುದು ಅದಕ್ಕಿಂತ ಕಷ್ಟವೆ?

ಬರುವ ವಾರ ಪ್ರತಿಯೊಬ್ಬರೂ ಮನೆಯ ಸೈಕಲ್ಲಿನ ಟಯರಿನ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ. ಒಂದು ಸೈಕಲ್ಲನ್ನೂ ತಳ್ಳಿಕೊಂಡು ಬನ್ನಿ. ಗಾಳಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಎಲ್ಲರೂ ಸೇರಿ ಪಂಚರ್ ಹಾಕೋಣ.