ಗೋಡೆ ಕಟ್ಟಿ ಹಾಡಿದವರು



ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಗುಬ್ಬಿಯ ಹಿರಿಯರಿಗೆ ‘ಒನ್ಸ್ ಮೋರ್’ ಎಂಬ ಕೂಗು ಚೆನ್ನಾಗಿ ಗೊತ್ತು. ದೃಶ್ಯ ಎಷ್ಟೇ ರಂಗೇರಿದ್ದರೂ ಸರಿ, ಜನ ಕೂಗಿದರೆ ನಟ ಕಥೆಯನ್ನು ಅಲ್ಲೇ ನಿಲ್ಲಿಸಿ ಅದೇ ಹಾಡನ್ನು ಮತ್ತೆ ಎತ್ತಿಕೊಳ್ಳುತ್ತಿದ್ದ. 1884ರಲ್ಲಿ ಈ ಊರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಸಾಕಿದ್ದು ಈ ಸಲಿಗೆಯೇ. ‘ಸದಾರಮೆ’ ನಾಟಕದ ಕಳ್ಳನ ಪಾತ್ರದಲ್ಲಿ ಕಂಪನಿಯ ವೀರಣ್ಣನವರು ಹೆಸರಾದದ್ದೂ ಇಂಥ ಪ್ರೇಕ್ಷಕರ ಎದುರೇ. ಹಾಡುವವನಿಗೂ ಕೇಳುವವನಿಗೂ ಇರುವ ಈ ನಂಟು ಕಡಿದುಹೋದರೆ ಏನಾಗುತ್ತದೆ? ಆ ನೋವಿನಿಂದ ಹುಟ್ಟಿದ ಒಂದು ಕೃತಿಯ ಬಗ್ಗೆ ಇವತ್ತು ಮಾತಾಡುತ್ತೇನೆ. ಅದು ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ ‘ದಿ ವಾಲ್’.

1977ರ ಜುಲೈನಲ್ಲಿ ಕೆನಡಾದ ಮಾಂಟ್ರಿಯಲ್ ಕ್ರೀಡಾಂಗಣದಲ್ಲಿ ಈ ತಂಡದ ಕಛೇರಿ ನಡೆದಿತ್ತು. ಗದ್ದಲಕ್ಕೆ ರೇಗಿದ ತಂಡದ ರೋಜರ್ ವಾಟರ್ಸ್, ಮುಂದಿದ್ದ ಅಭಿಮಾನಿಯೊಬ್ಬನ ಮೇಲೆ ಉಗುಳಿಬಿಟ್ಟರು. ಆಮೇಲೆ ತಮ್ಮ ನಡತೆಗೆ ತಾವೇ ಬೆಚ್ಚಿದರು. ತಮಗೂ ಜನರಿಗೂ ನಡುವೆ ಗೋಡೆಯೊಂದು ಎದ್ದಿದೆ ಎಂಬ ಅರಿವು 1979ರ ನವೆಂಬರ್ 30ರಂದು ಎರಡು ಪ್ಲೇಟುಗಳ, 26 ಹಾಡುಗಳ ಒಂದೇ ಕಥೆಯಾಗಿ ಹೊರಬಂತು.

ಕಥಾನಾಯಕ ಪಿಂಕ್ ಎಂಬ ಗಾಯಕ. ಅಪ್ಪ ಯುದ್ಧದಲ್ಲಿ ಸತ್ತಿದ್ದಾನೆ. ಇದು ವಾಟರ್ಸ್ ಅವರದೇ ಬದುಕು. ಅವರು ಐದು ತಿಂಗಳ ಕೂಸಾಗಿದ್ದಾಗ, 1944ರಲ್ಲಿ, ತಂದೆ ಇಟಲಿಯ ಆಂಜಿಯೋದಲ್ಲಿ ಮಡಿದರು. ಉಸಿರುಗಟ್ಟುವಷ್ಟು ಅಕ್ಕರೆಯ ಅಮ್ಮ, ತರಗತಿಯಲ್ಲಿ ಹಂಗಿಸುವ ಮೇಷ್ಟ್ರು, ಮುರಿದ ದಾಂಪತ್ಯ: ಪ್ರತಿಯೊಂದು ಪೆಟ್ಟೂ ಒಂದು ಇಟ್ಟಿಗೆ. ಮೊದಲ ಪ್ಲೇಟು ಮುಗಿಯುವಾಗ ಗೋಡೆ ಪೂರ್ತಿಯಾಗಿರುತ್ತದೆ. ಪಿಂಕ್ ಒಳಗೆ ಒಬ್ಬನೇ.

ಇದನ್ನು ಸಂಗೀತ ಹೇಗೆ ಹೇಳುತ್ತದೆ ಗಮನಿಸಿ. ಇಟ್ಟಿಗೆಯ ಹಾಡಿನ ಧಾಟಿ ಮೂರು ಸಲ ಬರುತ್ತದೆ. ಅಪ್ಪನಿಲ್ಲದ ಮಗುವಿಗೆ ಅದು ತಗ್ಗಿದ ದನಿಯಲ್ಲಿದೆ. ಶಾಲೆಯ ವಿಷಯಕ್ಕೆ ಬಂದಾಗ ಅದಕ್ಕೆ ಕುಣಿತದ ತಾಳವಿದೆ, ಲಂಡನ್ನಿನ ಶಾಲಾಮಕ್ಕಳ ಕೋರಸ್ ಇದೆ. ದಕ್ಷಿಣ ಆಫ್ರಿಕಾದ ವಿದ್ಯಾರ್ಥಿಗಳು ಇದನ್ನೇ ತಮ್ಮ ಹೋರಾಟದ ಹಾಡಾಗಿಸಿಕೊಂಡರು. ಅಲ್ಲಿನ ಸರ್ಕಾರ 1980ರಲ್ಲಿ ಅದನ್ನು ನಿಷೇಧಿಸಿತು. ಮೂರನೆಯ ಸಲ ಅದೇ ಧಾಟಿ ಬರಿಯ ಸಿಟ್ಟು. ರಾಗ ಒಂದೇ, ಹಾಡುವವನ ಮನಸ್ಸು ಮಾತ್ರ ಕಲ್ಲಾಗುತ್ತಾ ಹೋಗುತ್ತದೆ.

ಇನ್ನು ‘ಕಂಫರ್ಟಬ್ಲಿ ನಂಬ್’. ಜಡವಾಗಿ ಬಿದ್ದ ಗಾಯಕನನ್ನು ವೇದಿಕೆಗೆ ಹತ್ತಿಸಲು ವೈದ್ಯ ಸೂಜಿ ಚುಚ್ಚುತ್ತಾನೆ. ವೈದ್ಯನ ದನಿ ವಾಟರ್ಸ್ ಅವರದು, ರೋಗಿಯದು ತಂಡದ ಡೇವಿಡ್ ಗಿಲ್ಮೋರ್ ಅವರದು. ಕೊನೆಗೆ ಮಾತು ನಿಂತು ಗಿಲ್ಮೋರ್ ಅವರ ಗಿಟಾರ್ ಏರುತ್ತದೆ. ತನಗೇನೂ ಅನ್ನಿಸುತ್ತಿಲ್ಲ ಎನ್ನುವ ಮನುಷ್ಯನೊಳಗೆ ಎಷ್ಟೊಂದು ಅಳು ಉಳಿದಿದೆ ಎಂಬುದನ್ನು ಆ ತಂತಿಗಳು ಹೇಳುತ್ತವೆ. ನನಗೆ ಇಡೀ ಕೃತಿಯ ಶಿಖರ ಇದೇ.

1980–81ರ ಪ್ರದರ್ಶನಗಳಲ್ಲಿ ಕಥೆಯ ಗೋಡೆಯನ್ನು ರಂಗದ ಮೇಲೆಯೇ ಕಟ್ಟಿದರು. ಹಾಡುಗಳು ಸಾಗಿದಂತೆ ಕೆಲಸಗಾರರು ರಟ್ಟಿನ ಇಟ್ಟಿಗೆ ಪೇರಿಸಿ, ವಿರಾಮದ ಹೊತ್ತಿಗೆ ಸುಮಾರು 40 ಅಡಿಯ ಗೋಡೆ ಎಬ್ಬಿಸುತ್ತಿದ್ದರು. ತಂಡವೇ ಮರೆಯಾಗುತ್ತಿತ್ತು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದ ಊರಿನವರಿಗೆ ಈ ಧೈರ್ಯದ ಬೆಲೆ ಗೊತ್ತು. ಕೊನೆಗೆ ಗೋಡೆ ಜನರೆದುರೇ ಕುಸಿಯುತ್ತಿತ್ತು. ಬರ್ಲಿನ್ ಗೋಡೆ ಬಿದ್ದ ಮೇಲೆ, 1990ರ ಜುಲೈ 21ರಂದು, ವಾಟರ್ಸ್ ಆ ನಗರದಲ್ಲೇ ಈ ಕೃತಿಯನ್ನು ಆಡಿಸಿದರು. 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಇದರ ಹಾಡುಗಳನ್ನು ಹಾಡಿದರು.

ಕೃತಿ ಸುಲಭದ ಸಮಾಧಾನ ಕೊಡುವುದಿಲ್ಲ. ಗೋಡೆ ತಂಡದೊಳಗೂ ಎದ್ದಿತ್ತು: ಇದನ್ನು ಮುದ್ರಿಸುತ್ತಿದ್ದಾಗಲೇ ರಿಚರ್ಡ್ ರೈಟ್ ಹೊರಬೀಳಬೇಕಾಯಿತು. 1980–81ರ ಪ್ರದರ್ಶನಗಳಲ್ಲಿ ಅವರು ಸಂಬಳಕ್ಕೆ ನುಡಿಸಿದರು. ಮುದ್ರಿಕೆಯ ಕಟ್ಟಕಡೆಯ ಅರ್ಧ ಮಾತು ಪೂರ್ತಿಯಾಗುವುದು ಆರಂಭದ ಅರ್ಧ ಮಾತಿನಲ್ಲಿ. ಗೋಡೆ ಒಡೆದರೂ ಮತ್ತೆ ಏಳಬಹುದು ಎಂದೇ ಇದರ ಅರ್ಥ.

ದಯವಿಟ್ಟು ಇದನ್ನು ಬಿಡಿಬಿಡಿಯಾಗಿ ಕೇಳಬೇಡಿ. ನಾಂದಿಯಿಂದ ಮಂಗಳದವರೆಗೆ ನಾಟಕಕ್ಕೆ ಕೂರುವಂತೆ ಮೊದಲ ಹಾಡಿನಿಂದ ಕೊನೆಯವರೆಗೆ ಕೂತು ಕೇಳಿ. ಸಾಧ್ಯವಾದರೆ ಮನೆಯಲ್ಲಿ ಮಾತು ಕಡಿಮೆ ಮಾಡಿಕೊಂಡಿರುವ ಮಗನನ್ನೋ ಮಗಳನ್ನೋ ಜೊತೆಗೆ ಕೂರಿಸಿಕೊಳ್ಳಿ. ಕೇಳಿ ಮುಗಿದ ಮೇಲೆ, ಯಾವ ಹಾಡು ತಟ್ಟಿತು ಎಂದು ಅವರನ್ನು ಕೇಳಿ. ಅವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.